‘ಮುಂದಿನ 7 ದಿನ ದಕ್ಷಿಣ ಬೆಂಗಳೂರಿಗೆ ಭಾರಿ ಮಳೆ’: ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಲಿ

ಯುಗಾದಿ ಕಳೆದು ಮುಂಗಾರು ಶುರುವಾಗುವವರೆಗಿನ ಎರಡು ತಿಂಗಳು ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಹವಾಮಾನದ ಸಂದೇಶಗಳಿಗೆ ಸುಗ್ಗಿಯ ಕಾಲ. ಸೋಮವಾರ ‘40 ಡಿಗ್ರಿ ದಾಟಲಿದೆ, ಹೊರಗೆ ಬರಬೇಡಿ’ ಎಂಬ ಸಂದೇಶ. ಬುಧವಾರ ‘ಮುಂದಿನ 7 ದಿನ ಭಾರಿ ಮಳೆ, ರೆಡ್ ಅಲರ್ಟ್’ ಎಂಬ ಸಂದೇಶ. ಎರಡನ್ನೂ ಕಳಿಸಿದವರು ಒಬ್ಬರೇ ಆಗಿರುತ್ತಾರೆ! ಇತ್ತ ಜಯನಗರ 4ನೇ ಬ್ಲಾಕ್‌ನಲ್ಲಿ ಧೋ ಎಂದು ಸುರಿದ ಮಳೆ ಜೆ.ಪಿ. ನಗರ 7ನೇ ಹಂತದಲ್ಲಿ ಒಂದು ಹನಿಯೂ ಬಿದ್ದಿರುವುದಿಲ್ಲ. ಹಾಗಾದರೆ ಯಾವುದನ್ನು ನಂಬಬೇಕು? ಒಂದು ವಾರದ ಹವಾಮಾನವನ್ನು ನಿಜಕ್ಕೂ ಮೊದಲೇ ಹೇಳಲು ಸಾಧ್ಯವೇ? ಒಂದೊಂದಾಗಿ ನೋಡೋಣ.

ಈ ಕಾಲದಲ್ಲಿ ಹವಾಮಾನ ಇಷ್ಟು ಚಂಚಲ ಏಕೆ?

ಮಾರ್ಚ್‌ನಿಂದ ಮೇವರೆಗೆ ಬೀಳುವ ಮಳೆಯನ್ನು ಹವಾಮಾನ ಇಲಾಖೆ ಮುಂಗಾರು ಪೂರ್ವ ಮಳೆ ಎನ್ನುತ್ತದೆ. ಮಾವಿನ ಕಾಯಿ ಬಲಿಯುವ ಹೊತ್ತಿಗೆ ಬರುವುದರಿಂದ ಇದಕ್ಕೆ ಮಾವಿನ ಮಳೆ ಎಂಬ ಹೆಸರೂ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರಿಗೆ ಇದೇ ಹೂ ಮಳೆ. ನಮ್ಮ ರೈತರ ಲೆಕ್ಕದಲ್ಲಿ ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಯಿಂದ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕಾ ಮಳೆ. ‘ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ಹುಟ್ಟಿದ್ದೇ ಈ ಮಳೆ ಎಲ್ಲ ವರ್ಷವೂ ಒಂದೇ ಸಮ ಬರುವುದಿಲ್ಲ ಎಂಬ ಅನುಭವದಿಂದ.

ಮುಂಗಾರಿನ ಮಳೆಗೂ ಈ ಮಳೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮುಂಗಾರಿನಲ್ಲಿ ಅರಬ್ಬಿ ಸಮುದ್ರದಿಂದ ಬರುವ ಗಾಳಿ ನೂರಾರು ಕಿಲೋಮೀಟರ್ ಉದ್ದಕ್ಕೂ ಮೋಡಗಳನ್ನು ಹೊತ್ತು ತರುತ್ತದೆ. ಬೇಸಿಗೆಯ ಮಳೆ ಮಾತ್ರ ಹುಟ್ಟುವುದು ಸ್ಥಳೀಯವಾಗಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿಲು ನೆಲವನ್ನು ಕಾಯಿಸುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇಳುತ್ತದೆ. ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯ ಕಡೆಯಿಂದ ತೇವದ ಗಾಳಿ ಬಂದು ಒಳನಾಡಿನ ಒಣ ಗಾಳಿಯನ್ನು ಸಂಧಿಸಿದರೆ ಮೋಡ ಕಟ್ಟಲು ಬೇಕಾದ ಸಾಮಗ್ರಿಯೆಲ್ಲ ಸಿದ್ಧ. ಮಧ್ಯಾಹ್ನ 2 ಗಂಟೆಗೆ ಹೂಕೋಸಿನಂತೆ ಕಾಣುತ್ತಿದ್ದ ಮೋಡ ಸಂಜೆ 4ರ ಹೊತ್ತಿಗೆ 10 ಕಿಲೋಮೀಟರ್‌ಗೂ ಹೆಚ್ಚು ಎತ್ತರದ ಗುಡುಗು ಮೋಡವಾಗಿ ಬೆಳೆಯಬಹುದು.

ಇಂತಹ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರ್. ಅದರ ಆಯಸ್ಸು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ಬನಶಂಕರಿಯಲ್ಲಿ ಕೊಡೆ ಬಿಚ್ಚುವಾಗ ಬಿಟಿಎಂ ಲೇಔಟ್‌ನಲ್ಲಿ ಬಿಸಿಲಿರುವುದಕ್ಕೆ ಇದೇ ಕಾರಣ.

ಮಳೆಗೆ ಮುಂಚೆ ಧೂಳೆಬ್ಬಿಸುವ ತಣ್ಣನೆಯ ಗಾಳಿ ಬೀಸುವುದೂ ಈ ಮೋಡದ್ದೇ ಕೆಲಸ. ಮೋಡದಿಂದ ಬೀಳುವ ಹನಿಗಳು ಕೆಳಗಿನ ಒಣ ಗಾಳಿಯಲ್ಲಿ ಒಂದಷ್ಟು ಆವಿಯಾಗುತ್ತವೆ. ಬೆವರು ಆರಿದಾಗ ಮೈ ತಂಪಾಗುವಂತೆ ಆಗ ಗಾಳಿಯೂ ತಣ್ಣಗಾಗಿ, ಭಾರವಾಗಿ, ದಬ್ಬನೆ ಕೆಳಗಿಳಿದು ನೆಲದ ಮೇಲೆ ಸುತ್ತಲೂ ಹರಡುತ್ತದೆ. ಕೆಲವೇ ನಿಮಿಷಗಳಲ್ಲಿ ತಾಪಮಾನ ಹಲವು ಡಿಗ್ರಿ ಇಳಿಯುತ್ತದೆ. ಮರದ ಕೊಂಬೆಗಳು ಮುರಿದು ಬೀಳುವುದು ಹೆಚ್ಚಾಗಿ ಈ ಹೊತ್ತಿನಲ್ಲೇ, ಕೆಲವೊಮ್ಮೆ ಮಳೆಯ ಮೊದಲ ಹನಿ ಬೀಳುವ ಮುಂಚೆಯೇ.

ಒಂದು ವರ್ಷ ಬರ, ಮುಂದಿನ ವರ್ಷ ಪ್ರವಾಹ

ಬೆಂಗಳೂರಿನ ದಾಖಲೆಗಳನ್ನೇ ನೋಡಿ. ನಗರದ ವೀಕ್ಷಣಾಲಯದಲ್ಲಿ ಈವರೆಗಿನ ಗರಿಷ್ಠ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿದ್ದು 2016ರ ಏಪ್ರಿಲ್‌ನಲ್ಲಿ. 2024ರ ಏಪ್ರಿಲ್ 28ರಂದು 38.5 ಡಿಗ್ರಿ ತಲುಪಿತ್ತು. ಆ ಏಪ್ರಿಲ್ ಇಡೀ ತಿಂಗಳು ನಗರ ವೀಕ್ಷಣಾಲಯದಲ್ಲಿ ಮಳೆಯೇ ದಾಖಲಾಗಲಿಲ್ಲ. 1983ರ ನಂತರ ಹಾಗಾಗಿದ್ದು ಅದೇ ಮೊದಲು. ಒಂದು ತಿಂಗಳು ಕಳೆಯುವಷ್ಟರಲ್ಲಿ, 2024ರ ಜೂನ್ 2ರಂದು, ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿದು ಜೂನ್ ತಿಂಗಳ ಒಂದು ದಿನದ ಮಳೆಯ 133 ವರ್ಷಗಳ ಹಳೆಯ ದಾಖಲೆಯನ್ನು ಮುರಿಯಿತು. 2025ರ ಮೇ ತಿಂಗಳಲ್ಲಿ ಒಟ್ಟು ಮಳೆ 300 ಮಿಲಿಮೀಟರ್ ದಾಟಿತು.

ಇಷ್ಟು ಏರಿಳಿತವಿರುವ ಕಾಲದಲ್ಲಿ ‘ನಾಳೆಯಿಂದ 7 ದಿನ ಸತತ ಮಳೆ’ ಎಂದು ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ಅನುಮಾನಿಸಬೇಕಾದದ್ದೇ.

7 ದಿನಗಳ ಮುನ್ಸೂಚನೆಯನ್ನು ಓದುವುದು ಹೇಗೆ?

ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕದ ಹವಾಮಾನವನ್ನು ಲೆಕ್ಕ ಹಾಕುತ್ತವೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿ, 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ನಲ್ಲಿ ಒಂದು ಚೌಕದ ಅಳತೆ 6 ಕಿಲೋಮೀಟರ್. ಅದಕ್ಕೂ ಮುಂಚೆ ಅದು 12 ಕಿಲೋಮೀಟರ್ ಇತ್ತು. ಅಂದರೆ ಜಯನಗರದ ಬಹುಪಾಲು ಒಂದೇ ಚೌಕದೊಳಗೆ ಬಂದುಬಿಡುತ್ತದೆ. ನಿಮ್ಮ ಮೊಬೈಲ್‌ನ ಹವಾಮಾನ ಆ್ಯಪ್ ‘ಜಯನಗರ’ ಎಂದು ಹೆಸರು ತೋರಿಸಿದ ಮಾತ್ರಕ್ಕೆ ಅದು ನಿಮ್ಮ ಬೀದಿಯ ಲೆಕ್ಕ ಎಂದುಕೊಳ್ಳಬೇಡಿ.

ಮುನ್ಸೂಚನೆಯನ್ನು ಮೂರು ಭಾಗ ಮಾಡಿಕೊಂಡು ಓದುವುದು ಒಳ್ಳೆಯದು.

ಇಂದು ಮತ್ತು ನಾಳೆ: ಗುಡುಗು ಮಳೆಯ ಸಾಧ್ಯತೆ ಇದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಸರಿಯಾಗಿರುತ್ತದೆ. ಯಾವ ಬಡಾವಣೆ, ಎಷ್ಟು ಗಂಟೆ ಎಂಬುದು ಮಾತ್ರ ಆಗಲೂ ಖಚಿತವಲ್ಲ. ಅದಕ್ಕಾಗಿ ಹವಾಮಾನ ಇಲಾಖೆ ಮುಂದಿನ 3 ಗಂಟೆಗಳಿಗೆ ಪ್ರತ್ಯೇಕ ತಕ್ಷಣದ ಮುನ್ಸೂಚನೆ ಕೊಡುತ್ತದೆ.

3ರಿಂದ 5ನೇ ದಿನ: ತಾಪಮಾನದ ಅಂದಾಜು ನಂಬಲರ್ಹ. ಮಳೆಯ ಬಗ್ಗೆ ‘ಒಲವು’ ಎಷ್ಟಿದೆ ಎಂದಷ್ಟೇ ನೋಡಿ. ಪ್ರತಿದಿನ ಹೊಸದಾಗಿ ನೋಡಿ.

6 ಮತ್ತು 7ನೇ ದಿನ: ವಾರದ ಕೊನೆ ಒಣಗಿರುತ್ತದೆಯೋ ತೇವವಿರುತ್ತದೆಯೋ ಎಂಬ ಸ್ಥೂಲ ಸೂಚನೆ ಅಷ್ಟೆ. ಇದನ್ನು ನಂಬಿ ಶಾಮಿಯಾನದ ಆರ್ಡರ್ ರದ್ದು ಮಾಡಬೇಡಿ. ಹಾಗೆಂದು ಮದುವೆ ಊಟವನ್ನು ತೆರೆದ ಬಯಲಿನಲ್ಲಿ ಇಟ್ಟುಕೊಳ್ಳಲೂ ಬೇಡಿ.

ಆ್ಯಪ್‌ನಲ್ಲಿ ‘60% ಮಳೆ’ ಎಂದಿದ್ದರೆ ದಿನದ 60 ಭಾಗ ಮಳೆ ಸುರಿಯುತ್ತದೆ ಎಂದೋ, ಜೋರು ಮಳೆ ಎಂದೋ ಅರ್ಥವಲ್ಲ. ಅಂತಹ 10 ದಿನಗಳನ್ನು ತೆಗೆದುಕೊಂಡರೆ ಸುಮಾರು 6 ದಿನ ಆ ಜಾಗದಲ್ಲಿ ಸ್ವಲ್ಪವಾದರೂ ಮಳೆಯಾಗುತ್ತದೆ ಎಂದು ಅರ್ಥ. ಎಷ್ಟು ಮಳೆ ಎಂಬುದು ಬೇರೆ ಪ್ರಶ್ನೆ.

‘ಒಂದೆರಡು ಕಡೆ’, ‘ಹಲವು ಕಡೆ’: ಈ ಪದಗಳಿಗೆ ಲೆಕ್ಕವಿದೆ

ಹವಾಮಾನ ವರದಿಯಲ್ಲಿ ಬರುವ ‘ಒಂದೆರಡು ಕಡೆ ಮಳೆ’ ಎಂಬ ಮಾತನ್ನು ಜಾರಿಕೊಳ್ಳುವ ಮಾತು ಎಂದು ಹಲವರು ನಗುತ್ತಾರೆ. ಆದರೆ ಹವಾಮಾನ ಇಲಾಖೆಯಲ್ಲಿ ಇದಕ್ಕೆ ನಿಗದಿತ ಅಳತೆಯಿದೆ. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಳೆ ಬಂದರೆ ‘ಒಂದೆರಡು ಕಡೆ’. ಶೇ 26ರಿಂದ 50 ಆದರೆ ‘ಕೆಲವು ಕಡೆ’. ಶೇ 51ರಿಂದ 75 ಆದರೆ ‘ಹಲವು ಕಡೆ’. ಅದಕ್ಕೂ ಮೀರಿದರೆ ‘ಬಹುತೇಕ ಕಡೆ’.

‘ಭಾರಿ ಮಳೆ’ ಎಂಬುದಕ್ಕೂ ಅಷ್ಟೇ. 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಹೆಚ್ಚಾದರೆ ಅತ್ಯಂತ ಭಾರಿ ಮಳೆ. ಲೆಕ್ಕದ ದಿನ ಶುರುವಾಗುವುದು ಬೆಳಗ್ಗೆ 8.30ಕ್ಕೆ. ಹಾಗಾಗಿ ಭಾನುವಾರ ರಾತ್ರಿ ಸುರಿದ ಮಳೆ ಸೋಮವಾರ ಬೆಳಗಿನ ವರದಿಯಲ್ಲಿ ಬರುತ್ತದೆ.

ಬಣ್ಣಗಳನ್ನೂ ತಿಳಿದುಕೊಳ್ಳಿ. ಹಸಿರು ಎಂದರೆ ಎಚ್ಚರಿಕೆ ಏನಿಲ್ಲ. ಹಳದಿ ಎಂದರೆ ಗಮನವಿಟ್ಟಿರಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕ್ರಮ ಕೈಗೊಳ್ಳಿ. ವಾರದ ಈ ಎಚ್ಚರಿಕೆಗಳನ್ನು ಇಲಾಖೆ ಕೊಡುವುದು ಜಿಲ್ಲೆಯ ಮಟ್ಟದಲ್ಲಿ. ‘ಬೆಂಗಳೂರು ನಗರ ಜಿಲ್ಲೆಗೆ ಹಳದಿ ಎಚ್ಚರಿಕೆ’ ಎಂದು ಅದು ಹೇಳುತ್ತದೆ. ‘ಜೆ.ಪಿ. ನಗರ 2ನೇ ಹಂತಕ್ಕೆ ಶುಕ್ರವಾರ ರೆಡ್ ಅಲರ್ಟ್’ ಎಂಬ ಸಂದೇಶ ಬಂದರೆ ಅದು ಇಲಾಖೆಯದ್ದಲ್ಲ ಎಂದು ಅಷ್ಟರಲ್ಲೇ ಗೊತ್ತಾಗಬೇಕು.

ಪ್ರತಿವರ್ಷ ತಿರುಗಿ ಬರುವ ಫಾರ್ವರ್ಡ್‌ಗಳು

‘ವಿಷುವತ್ ಸಂಕ್ರಾಂತಿಯ ಪರಿಣಾಮ, ಮುಂದಿನ 5 ದಿನ 40 ಡಿಗ್ರಿ’
ಸುಳ್ಳು. ಹಗಲು ರಾತ್ರಿ ಸಮನಾಗುವ ಈ ದಿನ ಪ್ರತಿವರ್ಷ ಮಾರ್ಚ್ 20 ಅಥವಾ 21ರಂದು ಬರುತ್ತದೆ. ಅಂದು ಸೂರ್ಯ ನೆತ್ತಿಯ ಮೇಲಿರುವುದು ಭೂಮಧ್ಯರೇಖೆಯಲ್ಲಿ ಇರುವವರಿಗೆ. ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ಏಪ್ರಿಲ್ 24ರ ಆಸುಪಾಸಿನಲ್ಲಿ, ಮತ್ತೊಮ್ಮೆ ಆಗಸ್ಟ್ 18ರ ಹೊತ್ತಿಗೆ. ಇವೇ ಶೂನ್ಯ ನೆರಳಿನ ದಿನಗಳು. ಆಗಸ್ಟ್‌ನಲ್ಲಿ ಸೂರ್ಯ ಅದೇ ಜಾಗದಲ್ಲಿದ್ದರೂ ಮೋಡಗಳಿಂದಾಗಿ ಊರು ತಂಪಾಗಿರುತ್ತದೆ. ಅಂದರೆ ಸೆಕೆಯನ್ನು ಸೂರ್ಯನ ಸ್ಥಾನವೊಂದೇ ತೀರ್ಮಾನಿಸುವುದಿಲ್ಲ.

‘ಭೂಮಿ ಸೂರ್ಯನಿಂದ ದೂರ ಹೋಗುತ್ತಿದೆ, ನಾಳೆಯಿಂದ ಆಗಸ್ಟ್‌ವರೆಗೆ ವಿಪರೀತ ಚಳಿ, ಕೆಮ್ಮು, ಜ್ವರ’
ಸುಳ್ಳು. ಭೂಮಿ ಸೂರ್ಯನಿಂದ ಅತಿ ದೂರವಿರುವುದು ಪ್ರತಿವರ್ಷ ಜುಲೈ ಮೊದಲ ವಾರದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಅತಿ ಹತ್ತಿರ ಬರುವುದು ಜನವರಿಯ ಆರಂಭದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್. ವ್ಯತ್ಯಾಸ ಶೇ 3ರಷ್ಟು. ಸಂದೇಶದಲ್ಲಿರುವ ‘9 ಕೋಟಿ ಕಿಲೋಮೀಟರ್‌ನಿಂದ 15 ಕೋಟಿಗೆ’ ಎಂಬ ಲೆಕ್ಕವೇ ತಪ್ಪು. ಹತ್ತಿರವಿರುವ ಜನವರಿಯಲ್ಲೇ ನಮಗೆ ಚಳಿ ಎಂಬುದನ್ನು ನೆನಪಿಸಿಕೊಂಡರೆ ಸಾಕು.

‘ಬಿಸಿಲಿಗೆ ಪೆಟ್ರೋಲ್ ಟ್ಯಾಂಕ್ ಸಿಡಿಯುತ್ತದೆ, ಫುಲ್ ಮಾಡಿಸಬೇಡಿ’
ಸುಳ್ಳು. ಇಂಡಿಯನ್ ಆಯಿಲ್ ಸಂಸ್ಥೆ ಈ ಸಂದೇಶ ತನ್ನದಲ್ಲ ಎಂದು ಸ್ಪಷ್ಟಪಡಿಸಿದೆ. ಕಂಪನಿ ಸೂಚಿಸಿದ ಗರಿಷ್ಠ ಮಟ್ಟದವರೆಗೆ ಇಂಧನ ತುಂಬಿಸಲು ಬೇಸಿಗೆಯಲ್ಲೂ ತೊಂದರೆಯಿಲ್ಲ. ಕಿಡಿ ತಾಗದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳಲು 200 ಡಿಗ್ರಿಗೂ ಮೀರಿದ ತಾಪ ಬೇಕು.

‘ಮೊಬೈಲ್ ಸಿಡಿಲನ್ನು ಸೆಳೆಯುತ್ತದೆ’
ಸುಳ್ಳು. ಕೈಯಲ್ಲಿರುವ ಫೋನ್ ಸಿಡಿಲನ್ನು ಕರೆಯುವುದಿಲ್ಲ. ಅಪಾಯ ಇರುವುದು ನೀವು ನಿಂತ ಜಾಗದಲ್ಲಿ. ಮರದ ಕೆಳಗೆ, ತೆರೆದ ಮೈದಾನದಲ್ಲಿ, ಮನೆಯ ತಾರಸಿಯ ಮೇಲೆ ನಿಂತು ವಿಡಿಯೊ ಮಾಡುವುದು ಅಪಾಯ. ಚಾರ್ಜರ್‌ಗೆ ಸಿಕ್ಕಿಸಿದ ಫೋನನ್ನು ಗುಡುಗುವಾಗ ಬಳಸದಿರುವುದು ಮಾತ್ರ ಸರಿಯಾದ ಎಚ್ಚರಿಕೆ. ಏಕೆಂದರೆ ವಿದ್ಯುತ್ ತಂತಿಯ ಮೂಲಕ ಸಿಡಿಲಿನ ಆಘಾತ ಒಳಬರಬಹುದು. ದೇಶದಲ್ಲಿ ಪ್ರತಿವರ್ಷ 2,000ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಮಿಂಚು ಕಂಡಮೇಲೆ ಗುಡುಗು ಕೇಳುವವರೆಗೆ ಎಣಿಸಿ. 3 ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ದೂರ. ಎಣಿಕೆ 30ಕ್ಕಿಂತ ಕಡಿಮೆಯಿದ್ದರೆ ಒಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಒಳಗೇ ಇರಿ.

‘ಮೊದಲ ಮಳೆಯಲ್ಲಿ ನೆನೆದರೆ ಜ್ವರ ಗ್ಯಾರಂಟಿ’
ಅರ್ಧ ಸತ್ಯವೂ ಅಲ್ಲ. ನೆಗಡಿ, ಜ್ವರ ತರುವುದು ವೈರಾಣುಗಳು. ನೀರಿನಿಂದ ಅವು ಹುಟ್ಟುವುದಿಲ್ಲ. ಆದರೆ ಮಳೆ ಬಂದು ಒಂದು ವಾರದ ನಂತರ ಕಾಡುವ ಅಪಾಯ ಬೇರೆಯಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕುಳಿತಿದ್ದರೂ ನೀರು ಸೋಕಿದ ಮೇಲೆ ಸುಮಾರು 7ರಿಂದ 10 ದಿನಗಳಲ್ಲಿ ಹಾರುವ ಸೊಳ್ಳೆಯಾಗಬಲ್ಲದು. ಹೂಕುಂಡದ ತಟ್ಟೆ, ತಾರಸಿಯ ಹಳೇ ಬಕೆಟ್, ಎಳನೀರಿನ ಬುರುಡೆ ಎಲ್ಲವನ್ನೂ ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿದರೆ ಈ ಸರಪಳಿ ತುಂಡಾಗುತ್ತದೆ.

‘ಕಾರಿನ ಮೀಟರ್ 42 ಡಿಗ್ರಿ ತೋರಿಸಿತು, ಇಲಾಖೆ ಸುಳ್ಳು ಹೇಳುತ್ತಿದೆ’
ಎರಡೂ ಅಳೆಯುವುದು ಬೇರೆ ಬೇರೆ. ಇಲಾಖೆಯ ತಾಪಮಾಪಕ ಬಿಳಿ ಬಣ್ಣದ, ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆರಳಿನಲ್ಲಿ, ನೆಲದಿಂದ ಒಂದು ಮೀಟರಿಗಿಂತ ಎತ್ತರದಲ್ಲಿ ಇರುತ್ತದೆ. ಕಾರಿನದು ಕಾದ ಡಾಂಬರಿನ ಸಮೀಪ, ಎಂಜಿನ್‌ನ ಬಿಸಿಯ ಪಕ್ಕದಲ್ಲಿ. ಬಯಲು ಸೀಮೆಯಲ್ಲಿ ಬಿಸಿಗಾಳಿ ಅಲೆ ಎಂದು ಘೋಷಿಸಲು ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ನಮ್ಮ ನಗರದ ವೀಕ್ಷಣಾಲಯ ಅದನ್ನು ಇನ್ನೂ ಮುಟ್ಟಿಲ್ಲ. ಹಾಗೆಂದು 37 ಡಿಗ್ರಿಯಲ್ಲಿ ತಾರಸಿ ಕೆಲಸ ಮಾಡುವವರಿಗೆ, ಡೆಲಿವರಿ ಹುಡುಗರಿಗೆ, ಬೀದಿ ವ್ಯಾಪಾರಿಗಳಿಗೆ ಅಪಾಯವಿಲ್ಲ ಎಂದಲ್ಲ. ಘೋಷಣೆಗೆ ಕಾಯದೆ ನೀರು, ನೆರಳು, ವಿಶ್ರಾಂತಿ ಸಿಗುವಂತೆ ನೋಡಿಕೊಳ್ಳಿ.

ಆಲಿಕಲ್ಲು ಬೇಸಿಗೆಯಲ್ಲೇ ಏಕೆ?

‘ಇಷ್ಟು ಸೆಕೆಯಲ್ಲಿ ಐಸ್ ಎಲ್ಲಿಂದ ಬಂತು, ಇದು ಕೃತಕ ಮಳೆ’ ಎಂಬ ಮಾತೂ ಹರಿದಾಡುತ್ತದೆ. ಸೆಕೆಯೇ ಆಲಿಕಲ್ಲಿಗೆ ಕಾರಣ. ನೆಲ ಹೆಚ್ಚು ಕಾದಷ್ಟೂ ಗಾಳಿ ರಭಸದಿಂದ ಮೇಲೇರುತ್ತದೆ. ಈ ಗಾಳಿ ನೀರಹನಿಗಳನ್ನು ತಾಪಮಾನ ಸೊನ್ನೆಗಿಂತ ಕೆಳಗಿರುವ ಎತ್ತರಕ್ಕೆ ಒಯ್ಯುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಹರಳಿಗೆ ಮತ್ತಷ್ಟು ನೀರು ಅಂಟಿಕೊಂಡು ಗಾತ್ರ ಹಿಗ್ಗುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ ಕೆಳಗೆ ಬೀಳುತ್ತದೆ. ಎತ್ತರದ ಪ್ರದೇಶವಾದ್ದರಿಂದ ಇಲ್ಲಿ ಅದು ಕರಗಲು ಸಿಗುವ ಅವಕಾಶವೂ ಕಡಿಮೆ. ಆಲಿಕಲ್ಲಿಗೆ ಔಷಧೀಯ ಗುಣವೇನೂ ಇಲ್ಲ. ಅದರೊಳಗೆ ಧೂಳಿರುತ್ತದೆ, ಮಕ್ಕಳು ಆಯ್ದು ಆಡಲಿ, ತಿನ್ನುವುದು ಬೇಡ. ಆಯುವುದೂ ಗುಡುಗು ನಿಂತ ಮೇಲೆ.

ನೀರು ಎಲ್ಲಿಗೆ ಹರಿಯುತ್ತದೆ ಎಂಬುದೂ ಮುಖ್ಯ

ಮಳೆ ಎಷ್ಟು ಎಂಬುದರಷ್ಟೇ ಮುಖ್ಯ ನೀವು ಎಲ್ಲಿದ್ದೀರಿ ಎಂಬುದು. ದಕ್ಷಿಣ ಬೆಂಗಳೂರಿನ ನೀರು ಎರಡು ದಿಕ್ಕಿಗೆ ಇಳಿಯುತ್ತದೆ. ಬನಶಂಕರಿಯ ಪಶ್ಚಿಮ ಭಾಗದ ನೀರು ವೃಷಭಾವತಿ ಕಣಿವೆಗೆ ಸೇರಿ, ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುತ್ತದೆ. ಬಿಟಿಎಂ ಲೇಔಟ್, ಮಡಿವಾಳದ ಕಡೆಯ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಗೆ ಇಳಿದು, ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿ ಸೇರುತ್ತದೆ. ದಿಣ್ಣೆಯ ಮೇಲಿನ ಬಡಾವಣೆಯಲ್ಲಿ 50 ಮಿಲಿಮೀಟರ್ ಮಳೆ ಬಂದರೆ ರಸ್ತೆ ತೊಳೆದಂತಾಗುತ್ತದೆ. ಅದೇ ನೀರು ತಗ್ಗಿನ ಬಡಾವಣೆಯ ನೆಲಮಾಳಿಗೆಗೆ ನುಗ್ಗುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳೇ ಸೇರಿ ಬಿಟಿಎಂ ಆದದ್ದು. ತಾವರೆಕೆರೆ ಎಂಬ ಹೆಸರಿನಲ್ಲೇ ಕೆರೆಯಿದೆ.

ಇದು ಬರಿಯ ಅನನುಕೂಲದ ಮಾತಲ್ಲ. 2025ರ ಮೇ 19ರ ಬೆಳಗ್ಗೆ 8.30ಕ್ಕೆ ಕೊನೆಗೊಂಡ 24 ಗಂಟೆಗಳಲ್ಲಿ ನಗರದಲ್ಲಿ ಸುಮಾರು 105 ಮಿಲಿಮೀಟರ್ ಮಳೆ ದಾಖಲಾಯಿತು. ಇಲಾಖೆಯ ಲೆಕ್ಕದಲ್ಲಿ ಇದು ‘ಭಾರಿ’ ಮಳೆ, ‘ಅತಿ ಭಾರಿ’ ಕೂಡ ಅಲ್ಲ. ಅಂದು ಬಿಟಿಎಂ ಲೇಔಟ್‌ನ ಎನ್.ಎಸ್. ಪಾಳ್ಯದ ಅಪಾರ್ಟ್‌ಮೆಂಟ್ ಒಂದರಲ್ಲಿ ನೆಲಮಾಳಿಗೆಗೆ ತುಂಬಿದ ನೀರನ್ನು ಮೋಟಾರ್ ಇಟ್ಟು ಹೊರಹಾಕುವ ವೇಳೆ ವಿದ್ಯುತ್ ಆಘಾತದಿಂದ ಒಬ್ಬ ಹಿರಿಯರು ಮತ್ತು ಒಬ್ಬ ಬಾಲಕ ಪ್ರಾಣ ಕಳೆದುಕೊಂಡರು. ಅದಕ್ಕೂ ಎರಡು ವರ್ಷ ಮುಂಚೆ, 2023ರ ಮೇ 21ರಂದು, ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನಿಂತ ನೀರಿಗೆ ಕಾರು ಇಳಿದು ಯುವತಿಯೊಬ್ಬರು ಮೃತಪಟ್ಟಿದ್ದರು. ಎರಡೂ ಮುಂಗಾರಿಗೆ ಮುಂಚಿನ ಮಳೆಗಳೇ.

ಆದ್ದರಿಂದ ಈ ವಾರವೇ ಮಾಡಿಟ್ಟುಕೊಳ್ಳಬಹುದಾದ ಕೆಲಸಗಳು ಇವು:

1. ನೆಲಮಾಳಿಗೆಯಲ್ಲಿ ನೀರು ನಿಂತಿದ್ದರೆ ಯಾರೂ ಅದಕ್ಕೆ ಇಳಿಯಬಾರದು. ಮೊದಲು ಮೇಲಿನಿಂದ, ಒಣಗಿದ ಜಾಗದಲ್ಲಿ ನಿಂತು ಮೇನ್ ಸ್ವಿಚ್ ಆಫ್ ಆಗಬೇಕು. ಮೇನ್ ಸ್ವಿಚ್ ನೆಲಮಾಳಿಗೆಯಲ್ಲೇ ಇದ್ದರೆ ಅದನ್ನು ಮುಟ್ಟಲು ಹೋಗದೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ ಸಂಪರ್ಕ ಕಡಿತಗೊಳಿಸಿ.

2. ಮೀಟರ್ ಬೋರ್ಡ್, ಪಂಪ್‌ನ ಸ್ವಿಚ್, ಪ್ಲಗ್‌ಗಳು ನೆಲದಿಂದ ಎಷ್ಟು ಎತ್ತರದಲ್ಲಿವೆ ಎಂದು ಇಂದೇ ನೋಡಿ. ಸೋರಿಕೆ ವಿದ್ಯುತ್ ಕಂಡರೆ ತಾನಾಗಿ ಕಡಿತಗೊಳಿಸುವ ಆರ್‌ಸಿಸಿಬಿ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಇದ್ದರೆ ಅದರ ಟೆಸ್ಟ್ ಬಟನ್ ಒತ್ತಿ ಪರೀಕ್ಷಿಸಿ.

3. ನೀರು ನಿಂತ ಅಂಡರ್‌ಪಾಸ್‌ಗೆ ಗಾಡಿ ಇಳಿಸಬೇಡಿ. ಮುಂದಿನ ಕಾರು ದಾಟಿತು ಎಂಬುದು ನಿಮ್ಮದೂ ದಾಟುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಒಂದು ಅಡಿಯಷ್ಟು ನೀರು ಸಣ್ಣ ಕಾರನ್ನು ತೇಲಿಸಬಲ್ಲದು.

4. ಜೋರು ಗಾಳಿ ಶುರುವಾದರೆ ಮರದ ಕೆಳಗೆ ಗಾಡಿ ನಿಲ್ಲಿಸಿ ಕಾಯಬೇಡಿ. ಗುಲ್‌ಮೊಹರ್‌ನಂತಹ ಮರಗಳ ಕೊಂಬೆ ಬೇಗ ಮುರಿಯುತ್ತದೆ. ಬುಡದವರೆಗೆ ಕಾಂಕ್ರೀಟ್ ಹಾಕಿದ ಮರಗಳ ಬೇರು ದುರ್ಬಲವಾಗಿರುತ್ತದೆ. ಒಣ ಕೊಂಬೆ ಕಂಡರೆ ಪಾಲಿಕೆಯ 1533ಕ್ಕೆ ಈಗಲೇ ತಿಳಿಸಿ.

5. ತಾರಸಿಯ ನೀರಿನ ಪೈಪ್, ಮಳೆನೀರು ಸಂಗ್ರಹದ ಫಿಲ್ಟರ್ ಸ್ವಚ್ಛಗೊಳಿಸಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್ ನೀರು. 30x40 ಅಳತೆಯ ತಾರಸಿಯ ಮೇಲೆ 50 ಮಿಲಿಮೀಟರ್ ಬಿದ್ದರೆ ಸುಮಾರು 5,500 ಲೀಟರ್, ಹೆಚ್ಚುಕಡಿಮೆ ಒಂದು ಸಣ್ಣ ಟ್ಯಾಂಕರ್ ನೀರು. ಅದು ಸಂಪಿಗೆ ಇಳಿದರೆ ಲಾಭ, ರಸ್ತೆಗೆ ಹರಿದರೆ ತಗ್ಗಿನ ಮನೆಯವರಿಗೆ ಸಂಕಟ. ಹೇಗೆ ಮಾಡಬೇಕೆಂದು ನೋಡಬೇಕಿದ್ದರೆ ಜಯನಗರ 5ನೇ ಬ್ಲಾಕ್‌ನಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ.

ಫಾರ್ವರ್ಡ್ ಒತ್ತುವ ಮುನ್ನ 4 ಪ್ರಶ್ನೆ

ಸಂದೇಶದಲ್ಲಿ ದಿನಾಂಕ ಇದೆಯೇ? ‘ನಾಳೆಯಿಂದ’ ಎಂದಷ್ಟೇ ಇದ್ದರೆ ಅದು ಯಾವ ವರ್ಷದ ನಾಳೆಯೋ! ಎಚ್ಚರಿಕೆ ಕೊಟ್ಟವರ ಹೆಸರಿದೆಯೇ? ‘ತಜ್ಞರ ಪ್ರಕಾರ’ ಎಂಬುದು ಹೆಸರಲ್ಲ. ಜಿಲ್ಲೆಯ ಹೆಸರು, ಬಣ್ಣ, ಅವಧಿ ಮೂರೂ ಇವೆಯೇ? ಹವಾಮಾನ ಇಲಾಖೆಯ ‘ಮೌಸಮ್’ ಆ್ಯಪ್, ಸಿಡಿಲಿಗಾಗಿ ಇರುವ ‘ದಾಮಿನಿ’ ಆ್ಯಪ್ ಅಥವಾ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಹಿತಿಯಲ್ಲಿ ಅದೇ ವಿಷಯ ಕಾಣುತ್ತಿದೆಯೇ?

ಒಂದಕ್ಕಾದರೂ ಉತ್ತರ ‘ಇಲ್ಲ’ ಎಂದಾದರೆ ಸಂದೇಶವನ್ನು ಅಲ್ಲೇ ಬಿಡಿ. ಸುಳ್ಳು ರೆಡ್ ಅಲರ್ಟ್‌ಗಳು ನಾಲ್ಕು ಸಲ ಬಂದು ಹೋದರೆ ಐದನೇ ಸಲ ಬರುವ ನಿಜವಾದ ಎಚ್ಚರಿಕೆಯನ್ನು ಯಾರೂ ತೆರೆದು ಓದುವುದಿಲ್ಲ. ಅದೇ ಇದರ ದೊಡ್ಡ ನಷ್ಟ.

ಒಟ್ಟಿನಲ್ಲಿ, ‘ಮುಂದಿನ 7 ದಿನ ದಕ್ಷಿಣ ಬೆಂಗಳೂರಿಗೆ ಭಾರಿ ಮಳೆ’ ಎಂಬಂತಹ ಸಂದೇಶ ಬಂದಾಗ ನಾವು ಹೇಳುವುದು ಇಷ್ಟೆ: ಈ ಕಾಲದಲ್ಲಿ ಯಾವುದಾದರೂ ಸಂಜೆ ಜೋರು ಮಳೆ ಬರಬಹುದು, ಬಾರದೆಯೂ ಇರಬಹುದು. ಏಳೂ ದಿನ, ಇಂಥದ್ದೇ ಬಡಾವಣೆಗೆ ಎಂದು ಯಾರೂ ಖಚಿತವಾಗಿ ಹೇಳಲಾರರು. ನಿಮ್ಮ ಅಪಾರ್ಟ್‌ಮೆಂಟ್ ಗುಂಪಿಗೆ ಏನನ್ನಾದರೂ ಕಳಿಸಲೇಬೇಕಿದ್ದರೆ, ನೆಲಮಾಳಿಗೆಯ ಮೇನ್ ಸ್ವಿಚ್ ಎಲ್ಲಿದೆ ಮತ್ತು ಮಳೆಯಲ್ಲಿ ಅದನ್ನು ಯಾರು ಆಫ್ ಮಾಡಬೇಕು ಎಂಬ ಎರಡು ಸಾಲು ಬರೆದು ಕಳಿಸಿ.